ಓಣಿಯ ಹಕ್ಕು, ಗೋಡೆಯ ಮಿತಿ: ಕೂಫಾದಿಂದ ವಿಜಯಪುರದವರೆಗೆ

ಕನಮಡಿಯಿಂದ ತಿಕೋಟಾ, ತೊರವಿ ಮಾರ್ಗವಾಗಿ ಬರುವ ಪ್ರಯಾಣಿಕರು ವಿಜಯಪುರವನ್ನು ಪಶ್ಚಿಮ ದಿಕ್ಕಿನಿಂದ ಪ್ರವೇಶಿಸುತ್ತಾರೆ. ತೊರವಿಯ ಬಳಿ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಅವಶೇಷಗಳಿವೆ. ಅಲ್ಲಿಂದ ಮುಂದೆ ಕೋಟೆಗೋಡೆಯೂ ಬುರುಜುಗಳೂ ಮಲಿಕ್-ಎ-ಮೈದಾನ್ ತೋಪೂ ಕಾಣಿಸುತ್ತವೆ. ಈ ಸ್ಮಾರಕಗಳನ್ನು ನೋಡುವವರು ಸಾಮಾನ್ಯವಾಗಿ ಸುಲ್ತಾನರ ವೈಭವವನ್ನು ಸ್ಮರಿಸುತ್ತಾರೆ. ಆದರೆ ನಗರವೆಂಬುದು ಗುಮ್ಮಟಗಳಿಂದ ಮಾತ್ರ ಆಗುವುದಿಲ್ಲ. ಸಾವಿರಾರು ಸಾಮಾನ್ಯರ ಮನೆಗಳು, ಅವುಗಳ ನಡುವಿನ ಓಣಿಗಳು, ಎರಡು ಮನೆಗಳ ನಡುವಿನ ಗೋಡೆ, ಮಾಳಿಗೆಯಿಂದ ಸುರಿಯುವ ಮಳೆನೀರು, ಇವೆಲ್ಲ ಸೇರಿದಾಗಲೇ ಅದು ನಗರವಾಗುತ್ತದೆ. ಓಣಿ ಎಷ್ಟು ಅಗಲವಿರಬೇಕು? ಮನೆ ಎಷ್ಟು ಎತ್ತರ ಏರಬಹುದು? ದಾರಿಗೆ ಅಡ್ಡಲಾಗಿ ಕಟ್ಟಿದ್ದನ್ನು ಯಾರು, ಯಾವ ಕ್ರಮದಲ್ಲಿ ತೆಗೆಸಬೇಕು? ಈ ಪ್ರಶ್ನೆಗಳು ಇಂದಿನ ನಗರಪಾಲಿಕೆಯ ನೋಟಿಸಿನೊಂದಿಗೆ ಹುಟ್ಟಿದವುಗಳಲ್ಲ. ಅವುಗಳಿಗೆ ಬಹು ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮ್ಮ ಪೂರ್ವಿಕರಿಗೂ ಒಂದು ಗೌರವದ ಸ್ಥಾನವಿದೆ.

ಏಳು ಮೊಳದ ದಾರಿ

ಪ್ರವಾದಿ ಮುಹಮ್ಮದ್(ಸ)ರ ಮದೀನಾ ಚಿಕ್ಕ ಊರು. ಅಲ್ಲಿನ ಮನೆಗಳು ಹಸಿ ಇಟ್ಟಿಗೆ ಮತ್ತು ಖರ್ಜೂರದ ಗರಿಗಳಿಂದ ಕಟ್ಟಿದವು. ಆದರೂ ದಾರಿ ಮತ್ತು ನೆರೆಹೊರೆಯ ಬಗ್ಗೆ ಪ್ರವಾದಿವರ್ಯರು ನೀಡಿದ ಮಾರ್ಗದರ್ಶನವು ಅತ್ಯಂತ ಖಚಿತವಾಗಿತ್ತು. ದಾರಿಯ ಅಗಲದ ಬಗ್ಗೆ ಜನರಲ್ಲಿ ವಿವಾದ ಉಂಟಾದರೆ ಏಳು ಮೊಳ ಬಿಡಬೇಕೆಂಬ ತೀರ್ಪು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ನೆರೆಯವನು ತನ್ನ ಗೋಡೆಯಲ್ಲಿ ತೊಲೆ ಊರಲು ಬಂದರೆ ಅವನನ್ನು ತಡೆಯಬಾರದೆಂಬ ಬೋಧನೆಯೂ ಅಲ್ಲಿಯೇ ಇದೆ. ಇತರರ ನೆಲವನ್ನು ಒಂದು ಗೇಣಿನಷ್ಟು ಅನ್ಯಾಯವಾಗಿ ಕಬಳಿಸಿದವನಿಗೆ ಪರಲೋಕದಲ್ಲಿ ಆ ನೆಲವೇ ಕೊರಳಿನ ಭಾರವಾಗುವುದೆಂಬ ಎಚ್ಚರಿಕೆಯಿದೆ. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ವಿಶ್ವಾಸದ ಒಂದು ಶಾಖೆಯೆಂದು ಪರಿಗಣಿಸಲ್ಪಟ್ಟಿದೆ. ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಎಸಗಬಾರದು ಎಂಬ ಅರ್ಥದ ಹದೀಸನ್ನು ಆಧರಿಸಿ ಮುಂದಿನ ಶತಮಾನಗಳ ಫಿಕ್ಹ್ ವಿದ್ವಾಂಸರು ಕಟ್ಟಡಗಳಿಗೆ ಸಂಬಂಧಿಸಿದ ಸಂಪೂರ್ಣ ನ್ಯಾಯಶಾಸ್ತ್ರವನ್ನೇ ರೂಪಿಸಿದರು.

ಖಲೀಫಾ ಉಮರ್(ರ)ರ ಕಾಲದಲ್ಲಿ ಈ ತತ್ವಗಳು ನಗರ ಯೋಜನೆಯ ರೂಪ ತಾಳಿದವು. ಇರಾಕಿನ ಕೂಫಾ ನಗರ ನೆಲೆಗೊಂಡಾಗ ಜನರು ಮೊದಲು ಜೊಂಡಿನ ಗುಡಿಸಲುಗಳನ್ನು ಕಟ್ಟಿಕೊಂಡರು. ಬೆಂಕಿ ಬಿದ್ದು ಅವು ಸುಟ್ಟುಹೋದ ಬಳಿಕ ಇಟ್ಟಿಗೆಯಿಂದ ಕಟ್ಟಲು ಅನುಮತಿ ಕೋರಿದರು. ಖಲೀಫರು ಅನುಮತಿ ನೀಡಿದರು. ಆದರೆ ಯಾರೂ ಮೂರಕ್ಕಿಂತ ಹೆಚ್ಚು ಕೋಣೆ ಕಟ್ಟಬಾರದು, ಕಟ್ಟಡದ ಎತ್ತರದಲ್ಲಿ ಅತಿರೇಕ ಮಾಡಬಾರದು ಎಂದು ಷರತ್ತು ವಿಧಿಸಿದರು. ಮುಖ್ಯ ಬೀದಿಗಳಿಗೆ 40 ಮೊಳ, ಅನಂತರದವುಗಳಿಗೆ 30 ಮತ್ತು 20 ಮೊಳ, ಓಣಿಗಳಿಗೆ 7 ಮೊಳ ಅಗಲವನ್ನು ನಿಗದಿಪಡಿಸಲಾಯಿತೆಂದು ಇತಿಹಾಸಕಾರ ತಬರಿ ವಿವರಿಸಿದ್ದಾರೆ. ಬೆಂಕಿಯ ಅಪಾಯ, ರಸ್ತೆಯ ಅಗಲ, ಕಟ್ಟಡದ ಎತ್ತರ ಎಂಬ ಮೂರೂ ವಿಷಯಗಳು ಇಂದಿನ ಕಟ್ಟಡ ಉಪವಿಧಿಗಳ ಮೊದಲ ಪುಟದಲ್ಲಿಯೇ ಇವೆ ಎಂಬುದನ್ನು ಗಮನಿಸಬೇಕು.

ಈಜಿಪ್ಟಿನ ಫುಸ್ತಾತ್ ನಗರದ ಒಂದು ಪ್ರಸಂಗವನ್ನು ಇಬ್ನ್ ಅಬ್ದುಲ್ ಹಕಮ್ ದಾಖಲಿಸಿದ್ದಾರೆ. ಅಲ್ಲಿ ಖಾರಿಜಾ ಇಬ್ನ್ ಹುಝಾಫಾ ಎಂಬವರು ಮಹಡಿಯ ಕೋಣೆಯೊಂದನ್ನು ಕಟ್ಟಿಸಿದರು. ಅದರಿಂದ ನೆರೆಯವರ ಅಂಗಳ ಕಾಣುತ್ತದೆಂಬ ದೂರು ಮದೀನಾ ತಲುಪಿತು. ಉಮರ್(ರ)ರು ರಾಜ್ಯಪಾಲ ಅಮ್ರ್ ಇಬ್ನುಲ್ ಆಸ್(ರ)ರಿಗೆ ಪತ್ರ ಬರೆದರು. ಆ ಕೋಣೆಯಲ್ಲಿ ಮಂಚವೊಂದನ್ನು ಇಡಬೇಕು, ಅದರ ಮೇಲೆ ತೀರಾ ಎತ್ತರವೂ ಅಲ್ಲದ, ತೀರಾ ಗಿಡ್ಡವೂ ಅಲ್ಲದ ವ್ಯಕ್ತಿಯನ್ನು ನಿಲ್ಲಿಸಬೇಕು, ಅವನಿಗೆ ಕಿಟಕಿಯಿಂದ ನೆರೆಮನೆ ಕಂಡರೆ ಕೋಣೆಯನ್ನು ಕೆಡವಿಸಬೇಕು ಎಂಬುದು ಅದರ ಸಾರ. ಇಲ್ಲಿ ದೂರು ಬಂದೊಡನೆ ಕೆಡವುವ ಆಜ್ಞೆ ಹೊರಡಲಿಲ್ಲ. ಮೊದಲು ಅಳತೆ, ಅನಂತರ ತೀರ್ಪು. ಆ ಅಳತೆಯೂ ಯಾರ ಇಷ್ಟಾನಿಷ್ಟಕ್ಕೂ ಸಿಲುಕದ, ಎಲ್ಲರ ಕಣ್ಣ ಮುಂದೆ ನಡೆಯುವ ಅಳತೆ.

ಖಲೀಫರೂ ಕಟಕಟೆಯಲ್ಲಿ

ಆಡಳಿತಗಾರನೇ ಕಟ್ಟಡದ ವಿವಾದದಲ್ಲಿ ಪಕ್ಷಗಾರನಾದಾಗ ಏನಾಗಬೇಕು? ಪ್ರವಾದಿಯವರ ಮಸೀದಿಯನ್ನು ವಿಸ್ತರಿಸಬೇಕಾದಾಗ ಅಬ್ಬಾಸ್(ರ)ರ ಮನೆ ಅಡ್ಡ ಬಂತು. ಉಮರ್(ರ)ರು ಬೆಲೆ ಕೊಡುವುದಾಗಿ ಹೇಳಿದರೂ ಅವರು ಒಪ್ಪಲಿಲ್ಲ. ಖಲೀಫರಾಗಿದ್ದರೂ ಉಮರ್(ರ)ರು ಬಲಪ್ರಯೋಗಕ್ಕೆ ಹೋಗದೆ ಉಬೈ ಇಬ್ನ್ ಕಅಬ್(ರ)ರನ್ನು ತೀರ್ಪುಗಾರರಾಗಿ ಸ್ವೀಕರಿಸಿದರು. ತೀರ್ಪು ಖಲೀಫರ ವಿರುದ್ಧವಾಯಿತು. ಹಕ್ಕು ತಮ್ಮದೆಂದು ಸ್ಥಾಪಿತವಾದ ಬಳಿಕ ಅಬ್ಬಾಸ್(ರ)ರು ಆ ಮನೆಯನ್ನು ಸ್ವಇಚ್ಛೆಯಿಂದ ಮಸೀದಿಗೆ ಬಿಟ್ಟುಕೊಟ್ಟರು.

ಅವರಿಬ್ಬರ ನಡುವಿನ ಇನ್ನೊಂದು ಪ್ರಸಂಗ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿದೆ. ಅಬ್ಬಾಸ್(ರ)ರ ಮಾಳಿಗೆಯ ನೀರಿನ ದೋಣಿಯಿಂದ ದಾರಿಗೆ ಬೀಳುತ್ತಿದ್ದ ನೀರು ಒಂದು ಶುಕ್ರವಾರ ಉಮರ್(ರ)ರ ಉಡುಪಿನ ಮೇಲೆ ಬಿತ್ತು. ಅವರು ಅದನ್ನು ಕೀಳಿಸಿದರು. ಅದನ್ನು ಅಲ್ಲಿ ಇರಿಸಿದವರು ಸ್ವತಃ ಪ್ರವಾದಿವರ್ಯರೆಂದು ಅಬ್ಬಾಸ್(ರ)ರು ತಿಳಿಸಿದಾಗ, ತಮ್ಮ ಬೆನ್ನಿನ ಮೇಲೆ ನಿಂತು ಅದನ್ನು ಮೊದಲಿದ್ದಲ್ಲಿಯೇ ಜೋಡಿಸುವಂತೆ ಖಲೀಫರು ಅವರಲ್ಲಿ ಕೇಳಿಕೊಂಡರು. ದಾರಿಹೋಕರಿಗೆ ತೊಂದರೆಯಾದುದನ್ನು ತೆಗೆಸುವುದು ಆಡಳಿತದ ಕರ್ತವ್ಯ. ಆದರೆ ಮನೆಯವನ ಮಾತನ್ನು ಕೇಳದೆ ತೆಗೆಸಿದರೆ, ಆದ ನಷ್ಟವನ್ನು ತೆಗೆಸಿದವನೇ ಸರಿಪಡಿಸಬೇಕು. ಈ ಎರಡು ಮಾತುಗಳೂ ಒಂದೇ ಪ್ರಸಂಗದಲ್ಲಿ ಅಡಕವಾಗಿವೆ.

ಮುಹ್ತಸಿಬನ ಅಧಿಕಾರ ಮತ್ತು ಅದರ ಗಡಿ

ನಗರಗಳು ಬೆಳೆದಂತೆ ಈ ಹೊಣೆ ಮುಹ್ತಸಿಬ್ ಎಂಬ ಅಧಿಕಾರಿಯ ಪಾಲಿಗೆ ಬಂತು. ತೂಕ, ಅಳತೆ ಮತ್ತು ಪೇಟೆಯ ಪ್ರಾಮಾಣಿಕತೆಯ ಜೊತೆಗೆ ಬೀದಿ ಮತ್ತು ಕಟ್ಟಡಗಳ ಮೇಲ್ವಿಚಾರಣೆಯೂ ಅವನ ಕೆಲಸವಾಗಿತ್ತು. 1058ರಲ್ಲಿ ನಿಧನರಾದ ಬಗ್ದಾದಿನ ನ್ಯಾಯಶಾಸ್ತ್ರಜ್ಞ ಅಲ್ ಮಾವರ್ದಿಯವರು ಆಡಳಿತ ನಿಯಮಗಳ ಕುರಿತ ತಮ್ಮ ಪ್ರಸಿದ್ಧ ಗ್ರಂಥ ‘ಅಲ್ ಅಹ್ಕಾಮುಸ್ಸುಲ್ತಾನಿಯ್ಯಾ’ದಲ್ಲಿ ಇದನ್ನು ಸವಿಸ್ತಾರವಾಗಿ ಚರ್ಚಿಸಿದ್ದಾರೆ. ಜನರು ಓಡಾಡುವ ಬೀದಿಯಲ್ಲಿ ಯಾರಾದರೂ ಕಟ್ಟಡ ಕಟ್ಟಿದರೆ, ಬೀದಿ ಎಷ್ಟೇ ವಿಶಾಲವಾಗಿದ್ದರೂ, ಮುಹ್ತಸಿಬನು ಅದನ್ನು ತಡೆದು ತೆಗೆಸಬೇಕು. ಕಟ್ಟಿದ್ದು ಮಸೀದಿಯೇ ಆಗಿದ್ದರೂ ಈ ನಿಯಮ ಬದಲಾಗದು. ಏಕೆಂದರೆ ಬೀದಿ ಇರುವುದು ನಡೆಯಲಿಕ್ಕೆ, ಕಟ್ಟಲಿಕ್ಕಲ್ಲ. ಇದು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಒಬ್ಬ ಶಾಫಿಈ ವಿದ್ವಾಂಸರು ನೀಡಿದ ನಿಲುವು.

ಇದೇ ಮಾವರ್ದಿಯವರು ಮುಹ್ತಸಿಬನ ಅಧಿಕಾರಕ್ಕೆ ಗಡಿಯನ್ನೂ ಹಾಕಿದ್ದಾರೆ. ಇಬ್ಬರು ನೆರೆಯವರ ನಡುವಿನ ಗೋಡೆಯ ವಿಷಯದಲ್ಲಿ, ಹಾನಿಗೊಳಗಾದವನು ದೂರು ಕೊಡದಿದ್ದರೆ ಮುಹ್ತಸಿಬನು ತಾನಾಗಿ ಮೂಗು ತೂರಿಸುವಂತಿಲ್ಲ. ಹಕ್ಕಿನ ಬಗ್ಗೆ ವಿವಾದವಿದ್ದರೆ ಅದು ಖಾಝಿಯ ಮುಂದೆ ಹೋಗಬೇಕು. ಊರಿನ ನೀರಿನ ವ್ಯವಸ್ಥೆ ಕೆಟ್ಟರೆ ಅಥವಾ ಕೋಟೆಗೋಡೆ ಕುಸಿದರೆ ಅದರ ದುರಸ್ತಿಯ ವೆಚ್ಚ ಮೊದಲು ಸಾರ್ವಜನಿಕ ಖಜಾನೆಯದು. ಅಂದರೆ, ನಿಯಮ ಪಾಲಿಸಬೇಕೆಂದು ಪ್ರಜೆಯನ್ನು ಕೇಳುವ ಆಡಳಿತವು ತನ್ನ ಪಾಲಿನ ನೀರು, ರಸ್ತೆ ಮತ್ತು ರಕ್ಷಣೆಯನ್ನು ಒದಗಿಸಿರಬೇಕು.

ಖಾಝಿಗಳು ಇಂತಹ ವಿವಾದಗಳಲ್ಲಿ ಕಟ್ಟಡ ಪರಿಣತರ ನೆರವು ಪಡೆಯುತ್ತಿದ್ದರು. 14ನೆಯ ಶತಮಾನದ ಟ್ಯೂನಿಸ್ ನಗರದ ಇಬ್ನ್ ಅರ್ರಾಮಿ ಸ್ವತಃ ಗಾರೆ ಕೆಲಸ ಬಲ್ಲ ಕುಶಲಕರ್ಮಿ. ಖಾಝಿಯ ಪರವಾಗಿ ಸ್ಥಳ ಪರಿಶೀಲನೆ ಮಾಡುತ್ತಿದ್ದ ಅವರು ಗೋಡೆ, ಕಿಟಕಿ, ಚರಂಡಿ, ಹೊಗೆ ಮತ್ತು ಸದ್ದಿನ ವಿವಾದಗಳನ್ನು ಕುರಿತು ಗ್ರಂಥವನ್ನೇ ರಚಿಸಿದರು. ಇಂದಿನ ಇಂಜಿನಿಯರರ ಸ್ಥಳ ತನಿಖಾ ವರದಿಗೆ ಅದನ್ನು ಹೋಲಿಸಬಹುದು.

ಆದಿಲ್ ಶಾಹಿ ವಿಜಾಪುರ

ಈ ಪರಂಪರೆಯ ಹಿನ್ನೆಲೆಯಲ್ಲಿ ವಿಜಾಪುರವನ್ನು ನೋಡೋಣ. ಮೊದಲನೆಯ ಅಲಿ ಆದಿಲ್ ಶಾಹನ (1558–1580) ಕಾಲದಲ್ಲಿ ನಗರದ ಸುತ್ತ ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಎದ್ದಿತು. ಗೋಡೆಯ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಸರದಾರರಿಗೆ ವಹಿಸಲಾಗಿತ್ತೆಂದೂ, ಬುರುಜುಗಳ ರಚನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಅದೇ ಕಾರಣವೆಂದೂ ಹೇಳಲಾಗುತ್ತದೆ. ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ ಮತ್ತು ಮಂಗೋಳಿ ದರವಾಜೆಗಳ ಮೂಲಕ ರಸ್ತೆಗಳು ಊರೊಳಗೆ ಬರುತ್ತಿದ್ದವು.

ಗೋಡೆಗಿಂತಲೂ ಹೆಚ್ಚು ಗಮನಾರ್ಹವಾದುದು ನೀರಿನ ವ್ಯವಸ್ಥೆ. ಪಶ್ಚಿಮದ ತೊರವಿಯಿಂದ ನೆಲದಡಿಯ ಕಾಲುವೆಯ ಮೂಲಕ ನಗರಕ್ಕೆ ನೀರು ಹರಿಯುತ್ತಿತ್ತು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ದಕ್ಷಿಣದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕ ನೀರನ್ನು ತರಲಾಯಿತು. ಕೊಳವೆಯ ಮಾರ್ಗದಲ್ಲಿ ನೀರಿನ ಒತ್ತಡ ಇಳಿಸಲು ಮತ್ತು ಕೆಸರು ತಂಗಲು ಗಂಜ್ ಎಂದು ಕರೆಯುವ ಗೋಪುರಗಳನ್ನು ಕಟ್ಟಿದ್ದರು. ಅವುಗಳಲ್ಲಿ ಕೆಲವು ಇಂದಿಗೂ ಮನೆಗಳ ನಡುವೆ ನಿಂತಿವೆ. ಚಾಂದ್ ಬಾವಡಿ ಮತ್ತು ತಾಜ್ ಬಾವಡಿಗಳು ಸಾರ್ವಜನಿಕರ ನೀರಿನ ಆಸರೆಯಾಗಿದ್ದವು. ಇಂತಹ ವ್ಯವಸ್ಥೆ ಉಳಿಯಬೇಕಾದರೆ ಕೊಳವೆಯ ಮೇಲೆ ಯಾರೂ ಮನೆ ಕಟ್ಟಬಾರದು, ಕಾಲುವೆಯ ಹತ್ತಿರ ಯಾರೂ ಶೌಚಗುಂಡಿ ತೋಡಬಾರದು. ದಖ್ಖನಿನ ಪಟ್ಟಣಗಳಲ್ಲಿ ಊರಿನ ಕಾವಲು ಮತ್ತು ಶಿಸ್ತು ಕೊತ್ವಾಲನ ಹೊಣೆಯಾಗಿತ್ತು, ಹಕ್ಕಿನ ವ್ಯಾಜ್ಯಗಳು ಖಾಝಿಯ ಮುಂದೆ ಬರುತ್ತಿದ್ದವು. ನಿಯಮವೆಂಬುದು ಕಾಗದದ ಮೇಲಿನ ಅಕ್ಷರ ಮಾತ್ರವಲ್ಲ, ಅದು ಬಾವಿಯ ನೀರಿನ ರುಚಿಯಲ್ಲಿಯೂ ಇರುತ್ತದೆ ಎಂಬುದನ್ನು ಈ ನಗರ ಕಲಿಸುತ್ತದೆ.

1686ರಲ್ಲಿ ನಗರವು ಔರಂಗಝೇಬನ ವಶವಾಯಿತು. ರಾಜಧಾನಿಯ ಪಟ್ಟ ಹೋದ ಬಳಿಕ ಜನವಸತಿ ಕುಗ್ಗಿತು. ಮಾಡು ಬಿದ್ದ ಮಹಲುಗಳ ಕಲ್ಲುಗಳು ಹೊಸ ಗೋಡೆಗಳಿಗೆ ಸೇರಿದವು. ನಿಯಮ ಜಾರಿಗೊಳಿಸುವವರಿಲ್ಲದ ಊರು ಹೇಗೆ ತನ್ನನ್ನು ತಾನೇ ತಿನ್ನುತ್ತದೆ ಎಂಬುದಕ್ಕೂ ವಿಜಾಪುರ ಸಾಕ್ಷಿಯಾಯಿತು.

ಪುರಸಭೆ ಮತ್ತು ಸ್ಮಾರಕ ಕಾಯ್ದೆ

1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಾಪುರಕ್ಕೆ ಸ್ಥಳಾಂತರಗೊಂಡಿತು. ಬ್ರಿಟಿಷ್ ಆಡಳಿತವು ಹಳೆಯ ಮಹಲುಗಳನ್ನೂ ಕೆಲವು ಮಸೀದಿಗಳನ್ನೂ ಕಚೇರಿಗಳಾಗಿ, ವಸತಿಗಳಾಗಿ ಬಳಸಿಕೊಂಡಿತು. ಮುಂದೆ 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂದಾಗ ವೈಸರಾಯ್ ಕರ್ಜನನು, ವಿಜಾಪುರದ ಒಂದು ಮಸೀದಿಯಿಂದ ಪ್ರವಾಸಿ ಬಂಗಲೆಯನ್ನೂ ಇನ್ನೊಂದರಿಂದ ಅಂಚೆ ಕಚೇರಿಯನ್ನೂ ತೆರವುಗೊಳಿಸಿದ್ದನ್ನು ತನ್ನ ಭಾಷಣದಲ್ಲಿ ಹೇಳಿಕೊಂಡನು. ಅತಿಕ್ರಮಣ ಮಾಡಿದ್ದು ಸರಕಾರವೇ, ತೆರವು ಮಾಡಿದ್ದೂ ಸರಕಾರವೇ. ಕಟ್ಟಡದ ನಿಯಮ ಸರಕಾರಿ ಕಚೇರಿಗೂ ಅನ್ವಯಿಸಬೇಕೆಂಬುದಕ್ಕೆ ಇದೊಂದು ನಿದರ್ಶನ.

ಇದೇ ಅವಧಿಯಲ್ಲಿ, 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯ್ದೆಯು ಹೊಸದಾಗಿ ಮನೆ ಕಟ್ಟುವವರು ಮೊದಲೇ ಪುರಸಭೆಗೆ ತಿಳಿಸಬೇಕೆಂಬ ಕ್ರಮವನ್ನು ಈ ಪ್ರಾಂತದಲ್ಲಿ ಬೇರೂರಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ 1964ರ ಪುರಸಭೆಗಳ ಕಾಯ್ದೆ ಬಂತು. ನಗರಸಭೆಯು ಮಹಾನಗರ ಪಾಲಿಕೆಯಾದ ಮೇಲೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಇಲ್ಲಿ ಅನ್ವಯವಾಯಿತು.

ಇಂದು ನಗರದಲ್ಲಿ ಮನೆ ಕಟ್ಟುವವರು ನಕ್ಷೆಗೆ ಅನುಮೋದನೆ ಪಡೆಯಬೇಕು, ನಿವೇಶನದ ಸುತ್ತ ನಿಗದಿತ ಜಾಗ ಬಿಡಬೇಕು, ಅನುಮತಿಸಿದ ಮಹಡಿಗಳನ್ನಷ್ಟೇ ಏರಿಸಬೇಕು. ಮೀರಿದಲ್ಲಿ 1976ರ ಕಾಯ್ದೆಯ 321ನೆಯ ಪ್ರಕರಣ ಅನ್ವಯಿಸುತ್ತದೆ. ಅದರ ಕ್ರಮವನ್ನು ತಿಳಿದಿರುವುದು ಒಳ್ಳೆಯದು. ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸುತ್ತಾರೆ. ಅದನ್ನೇಕೆ ಖಾಯಂಗೊಳಿಸಬಾರದೆಂದು ಕಾರಣ ಕೇಳಿ ಮಾಲೀಕರಿಗೆ ನೋಟಿಸ್ ಕೊಡುತ್ತಾರೆ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮಾತ್ರ ಆದೇಶವನ್ನು ಖಾಯಂಗೊಳಿಸುತ್ತಾರೆ. ತಾತ್ಕಾಲಿಕ ಆದೇಶಕ್ಕೆ ಉತ್ತರ ಕೊಡದೆ ಸುಮ್ಮನಿರುವುದು ನಮ್ಮಲ್ಲಿ ಬಹಳ ಕುಟುಂಬಗಳ ವಾಡಿಕೆ. ಆದರೆ ಕಾನೂನು ನಮ್ಮ ಮಾತು ಕೇಳಲು ತೆರೆದಿಟ್ಟ ಬಾಗಿಲು ಅದೇ ಆಗಿರುತ್ತದೆ.

ವಿಜಯಪುರದ ನಿವಾಸಿಗಳಿಗೆ ಇನ್ನೊಂದು ಹೊರೆಯೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಉಲ್ಲಂಘಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೆಜ್ಜೆಗೊಂದು ಸ್ಮಾರಕವಿರುವ ಈ ನಗರದಲ್ಲಿ ತಲೆಮಾರುಗಳಿಂದ ಗುಮ್ಮಟದ ನೆರಳಲ್ಲಿ ಬಾಳಿದ ಬಡ ಕುಟುಂಬಕ್ಕೆ ಮಗನ ಮದುವೆಯ ಮುನ್ನ ಒಂದು ಕೋಣೆ ಏರಿಸುವುದೂ ಕಷ್ಟ. ಸ್ಮಾರಕವನ್ನು ಉಳಿಸುವ ಹೊಣೆ ಇಡೀ ನಾಡಿನದು. ಅದರ ಭಾರ ಮಾತ್ರ ಪಕ್ಕದ ಓಣಿಯವರ ಹೆಗಲ ಮೇಲೆ ಬಿದ್ದಿದೆ. ದುರಸ್ತಿಯ ಅರ್ಜಿಗಳಿಗೆ ಬೇಗನೆ ಉತ್ತರ ಸಿಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ.

ಅಕ್ರಮ, ಸಕ್ರಮ ಮತ್ತು ಕೆಡವುವ ಯಂತ್ರ

ನಿಯಮ ಮೀರಿದ ಕಟ್ಟಡಗಳು ಲಕ್ಷಾಂತರವಾದಾಗ ರಾಜ್ಯ ಸರಕಾರವು ಅಕ್ರಮ-ಸಕ್ರಮ ಯೋಜನೆಯನ್ನು ತಂದಿತು. ವಾಸದ ಮನೆಗಳಲ್ಲಿ ಶೇ. 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಪಡೆದು ಸಕ್ರಮಗೊಳಿಸುವುದು ಅದರ ಉದ್ದೇಶ. 2016ರ ಡಿಸೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ದಂಡ ಕಟ್ಟಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯ ಮೇಲೆ ಮನೆ ಕಟ್ಟುವುದು ಮರಳಿನ ಮೇಲೆ ಪಾಯ ಹಾಕಿದಂತೆ.

ಇನ್ನೊಂದೆಡೆ, ಕಳೆದ ಕೆಲವು ವರ್ಷಗಳಲ್ಲಿ ದೇಶದ ಹಲವೆಡೆ ಅಪರಾಧದ ಆರೋಪ ಹೊತ್ತವರ ಮನೆಗಳನ್ನು ಅಕ್ರಮ ಕಟ್ಟಡವೆಂಬ ಕಾರಣ ನೀಡಿ ತರಾತುರಿಯಲ್ಲಿ ಕೆಡವಿದ ಘಟನೆಗಳು ನಡೆದವು. 2024ರ ನವೆಂಬರ್ 13ರಂದು ನ್ಯಾಯಮೂರ್ತಿಗಳಾದ ಬಿ. ಆರ್. ಗವಾಯಿ ಮತ್ತು ಕೆ. ವಿ. ವಿಶ್ವನಾಥನ್ ಅವರ ಪೀಠವು ಇದಕ್ಕೆ ಕಡಿವಾಣ ಹಾಕಿತು. ಆರೋಪ ಹೊತ್ತವನ ಮನೆಯನ್ನು ಶಿಕ್ಷೆಯೆಂಬಂತೆ ಕೆಡವಲು ಆಡಳಿತಕ್ಕೆ ಅಧಿಕಾರವಿಲ್ಲ. ಕೆಡವುವ ಮೊದಲು ನೋಂದಾಯಿತ ಅಂಚೆಯ ಮೂಲಕ ನೋಟಿಸ್ ನೀಡಿ ಕನಿಷ್ಠ 15 ದಿನಗಳ ಅವಕಾಶ ಕೊಡಬೇಕು, ಮಾಲೀಕನ ಮಾತು ಕೇಳಬೇಕು, ಅಂತಿಮ ಆದೇಶದ ಬಳಿಕವೂ 15 ದಿನ ಕಾಯಬೇಕು, ಕೆಡವುವುದನ್ನು ಚಿತ್ರೀಕರಿಸಬೇಕು. ನಿರ್ದೇಶನ ಮೀರಿದ ಅಧಿಕಾರಿಯು ತನ್ನ ಸ್ವಂತ ಹಣದಿಂದ ನಷ್ಟ ತುಂಬಿಕೊಡಬೇಕಾದೀತು. ಆದರೆ ರಸ್ತೆ, ಕಾಲುದಾರಿ, ರೈಲು ಹಳಿ, ಜಲಮೂಲ ಮುಂತಾದ ಸಾರ್ವಜನಿಕ ಸ್ಥಳಗಳ ಅತಿಕ್ರಮಣಕ್ಕೆ ಈ ರಕ್ಷಣೆ ಇಲ್ಲವೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಅದೇ ವರ್ಷದ ಡಿಸೆಂಬರ್ 17ರಂದು ಬಂದ ಇನ್ನೊಂದು ತೀರ್ಪಿನಲ್ಲಿ, ಅಕ್ರಮ ಕಟ್ಟಡವು ಎಷ್ಟು ಹಳೆಯದಾದರೂ, ಎಷ್ಟು ಹಣ ಸುರಿದಿದ್ದರೂ ಸಕ್ರಮವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು.

ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಫುಸ್ತಾತಿನ ಮಂಚವೂ ಅಬ್ಬಾಸ್(ರ)ರ ನೀರಿನ ದೋಣಿಯೂ ನೆನಪಾಗದಿರವು. ಅಳತೆಯಿಲ್ಲದೆ ಕೆಡವಬಾರದು. ಅಳತೆಗೆ ಮೀರಿದ್ದನ್ನು ಸಮರ್ಥಿಸಲೂಬಾರದು.

ನಮ್ಮ ಓಣಿ, ನಮ್ಮ ಹೊಣೆ

ಈ ಮಾತು ನಗರಕ್ಕೆ ಮಾತ್ರ ಸೀಮಿತವಲ್ಲ. ಕನಮಡಿಯಂತಹ ಗಡಿಯ ಊರಿನಲ್ಲಿಯೂ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಅನುಮತಿ ಬೇಕು. ಹೊಲದಲ್ಲಿ ಮನೆ ಕಟ್ಟುವವರು ಭೂಪರಿವರ್ತನೆ ಮಾಡಿಸಿಕೊಳ್ಳಬೇಕು. ಇ-ಸ್ವತ್ತು ವ್ಯವಸ್ಥೆಯಲ್ಲಿ ನಮೂನೆ 9 ಮತ್ತು 11ಎ ಇದ್ದ ಆಸ್ತಿಗೂ 11ಬಿ ಇರುವ ಆಸ್ತಿಗೂ ಇರುವ ವ್ಯತ್ಯಾಸವು ಸಾಲ ಕೇಳಲು ಬ್ಯಾಂಕಿಗೆ ಹೋದ ದಿನ ತಿಳಿಯುತ್ತದೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆಯನ್ನು ತೆಗೆದು ಸಿಮೆಂಟಿನ ಮನೆ ಕಟ್ಟುವಾಗ ಓಣಿಯ ಕಡೆಗೆ ಎರಡು ಅಡಿ ಕಟ್ಟೆ ಚಾಚುವುದು, ಮೇಲೆ ಮೂರು ಅಡಿ ಸಜ್ಜಾ ಇಳಿಸುವುದು ನಮ್ಮ ಕಣ್ಣಿಗೆ ಸಣ್ಣ ಸಂಗತಿ. ಎದುರು ಮನೆಯವರೂ ಹಾಗೆಯೇ ಮಾಡಿದರೆ ಒಂದು ದಿನ ಆ ಓಣಿಯೊಳಗೆ ಆಂಬುಲೆನ್ಸ್ ಬಾರದು, ಜನಾಝಾ ಹೊತ್ತವರು ಪಕ್ಕಕ್ಕೆ ಸರಿದು ಹೆಜ್ಜೆ ಇಡಬೇಕಾಗುತ್ತದೆ.

ನಮ್ಮ ಮಸೀದಿ, ಮದ್ರಸಾ ಮತ್ತು ದರ್ಗಾ ಸಮಿತಿಗಳ ಹೊಣೆ ಇನ್ನೂ ಹೆಚ್ಚಿನದು. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಯಾವ ಧರ್ಮದ ಅನಧಿಕೃತ ಕಟ್ಟಡಕ್ಕೂ ಅವಕಾಶ ಕೊಡಬಾರದೆಂದು 2009ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನ ದೇವಾಲಯವೊಂದನ್ನು ಕೆಡವಿದಾಗ ಎದ್ದ ವಿವಾದದ ಬಳಿಕ ರಾಜ್ಯವು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಆದರೆ ಕಾನೂನಿನ ರಕ್ಷಣೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಮೊದಲು ಮಾವರ್ದಿಯವರ ಮಾತು ನಮ್ಮನ್ನು ಪ್ರಶ್ನಿಸಬೇಕು. ಪ್ರಾರ್ಥನೆಯ ಸ್ಥಳವು ಇತರರ ದಾರಿಯ ಮೇಲೆ ನಿಲ್ಲಬಹುದೇ? ನಕ್ಷೆಗೆ ಅನುಮೋದನೆ, ವಕ್ಫ್ ದಾಖಲೆ, ನೆರೆಯವರ ಒಪ್ಪಿಗೆ ಇವು ಮೂರನ್ನೂ ಕೈಯಲ್ಲಿಟ್ಟುಕೊಂಡು ಅಡಿಗಲ್ಲು ಹಾಕುವ ಸಮಿತಿಗೆ ಮುಂದೆ ಯಾರ ಮುಂದೆಯೂ ತಲೆತಗ್ಗಿಸುವ ಸಂದರ್ಭ ಬರದು.

ಆಡಳಿತದಿಂದ ನಾವು ಕೇಳಬೇಕಾದುದೂ ಇದೆ. ಒಂದೇ ಬೀದಿಯಲ್ಲಿ ಒಬ್ಬನ ಸಜ್ಜಾ ಮಾತ್ರ ಅಕ್ರಮವಾಗಿ ಕಾಣಬಾರದು. ಅಳತೆಯ ಪಟ್ಟಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ, ಬಲಿಷ್ಠರ ಬಂಗಲೆಯ ಮುಂದೆಯೂ ಬಡವರ ಗುಡಿಸಲಿನ ಮುಂದೆಯೂ ಒಂದೇ ಆಗಿರಬೇಕು. ಹೀಗೆ ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ. ಆದರೆ ನಮ್ಮ ಮನೆಯ ಮುಂದಿನ ಓಣಿಯನ್ನು ಮೊದಲು ನಾವೇ ಅಳೆದು, ಹೆಚ್ಚಾಗಿ ಚಾಚಿದ ಕಟ್ಟೆಯನ್ನು ನೋಟಿಸ್ ಬರುವ ಮೊದಲೇ ಹಿಂದೆ ಸರಿಸಿಕೊಂಡರೆ, ಆ ಬೇಡಿಕೆಯನ್ನು ತಲೆಯೆತ್ತಿ ಮುಂದಿಡಬಹುದು.